ಹಂಚುವ ಮುನ್ನ ಒಮ್ಮೆ ಕಿವಿಗೊಡೋಣ



1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತಾಗ ಆ ಸುದ್ದಿ ನಾಡನ್ನು ತಲುಪಿದ್ದು ಬಾಯಿಮಾತು, ಕರಪತ್ರ ಮತ್ತು ಪತ್ರಿಕಾ ವರದಿಗಳ ಮೂಲಕ. ಇಂದು ಕಾಡಂಚಿನಲ್ಲಿ ಮರವೊಂದು ಉರುಳಿದರೆ, ಹೊಳೆಯ ಮರಳಿಗೆ ಯಂತ್ರ ಇಳಿದರೆ, ಕಾಫಿ ತೋಟಕ್ಕೆ ಆನೆ ಹೊಕ್ಕರೆ ಕೆಲವೇ ನಿಮಿಷಗಳಲ್ಲಿ ಅದರ ವಿಡಿಯೋ ನೂರಾರು ಮೊಬೈಲುಗಳಲ್ಲಿರುತ್ತದೆ. ಪರಿಸರದ ಪರವಾಗಿ ಮಾತನಾಡುವವರಿಗೆ ಇದು ದೊಡ್ಡ ಬಲ. ಆದರೆ ಈ ಬಲವನ್ನು ಬಳಸುವ ಭರದಲ್ಲಿ ಒಂದು ಸಂಗತಿ ನಮ್ಮ ಗಮನದಿಂದ ಜಾರುತ್ತಿದೆ. ಕಂಡದ್ದರ ಜೊತೆಗೆ ಕೇಳಿಸಿದ್ದನ್ನೂ ನಾವು ಕಳಿಸುತ್ತಿದ್ದೇವೆ. ಚಿತ್ರೀಕರಿಸುವಾಗ ನಮ್ಮ ಚಿತ್ತವೆಲ್ಲ ಎದುರಿನ ದೃಶ್ಯದ ಮೇಲೆ ನೆಟ್ಟಿರುತ್ತದೆ. ಮೊಬೈಲಿನ ಮೈಕಾದರೋ ಹಿಂದೆ, ಮುಂದೆ, ಪಕ್ಕದಲ್ಲಿ ಆಡಿದ ಮಾತುಗಳನ್ನೆಲ್ಲ ಭೇದವಿಲ್ಲದೆ ಹಿಡಿದಿಡುತ್ತಿರುತ್ತದೆ. ಆ ಮಾತು ಯಾರದು, ಅದು ಊರೂರಿಗೆ ಹೋಗಲು ಅವರ ಒಪ್ಪಿಗೆ ಇದೆಯೇ ಎಂದು ಕೇಳಿಕೊಳ್ಳುವ ವ್ಯವಧಾನ ನಮ್ಮಲ್ಲಿ ಎಷ್ಟು ಜನರಿಗಿದೆ?

ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿಯ ನೀರು ಕೃಷ್ಣರಾಜಸಾಗರವನ್ನು ಸೇರಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯದ ಬಯಲಿಗೆ ಇಳಿಯುತ್ತದೆ. ಹಾಗೆಯೇ ಮಲೆನಾಡಿನ ಗುಂಪುಗಳಿಂದ ಹೊರಟ ವಿಡಿಯೋಗಳು ಬಯಲುಸೀಮೆಗೂ, ಅಲ್ಲಿಯವು ನಮ್ಮಲ್ಲಿಗೂ ನಿತ್ಯ ಹರಿಯುತ್ತಿವೆ. ಆದ್ದರಿಂದ ಉದಾಹರಣೆಯನ್ನು ಬಯಲಿನಿಂದಲೇ ಎತ್ತಿಕೊಳ್ಳೋಣ. ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿಹಾಕುವುದು ಈಗ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಗದ್ದೆಯೊಂದರಲ್ಲಿ ಕಟಾವಿನ ನಡುವೆ ಎರಡು ಮರಿಗಳು ಕಂಡವೆಂದು ಭಾವಿಸಿ. ಕೆಲಸಗಾರನೊಬ್ಬ ಅರ್ಧ ನಿಮಿಷದ ವಿಡಿಯೋ ಮಾಡುತ್ತಾನೆ. ದೃಶ್ಯದಲ್ಲಿರುವುದು ಒಣಗಿದ ತರಗಿನ ಮೇಲೆ ಮುದುಡಿ ಮಲಗಿದ ಮರಿಗಳು ಮತ್ತು ಸುತ್ತ ಕಬ್ಬು. ಅಂಥ ಗದ್ದೆ ಜಿಲ್ಲೆಯಲ್ಲಿ ಸಾವಿರಾರಿವೆ; ನೋಡಿದ ಮಾತ್ರಕ್ಕೆ ಇದು ಯಾವುದೆಂದು ಯಾರೂ ಹೇಳಲಾರರು. ಆದರೆ ದನಿಯಲ್ಲಿ ಗದ್ದೆಯ ಒಡೆಯನ ಹೆಸರಿದೆ, ಯಾವ ಊರಿನ ದಾರಿ ಹಿಡಿದು ಎಲ್ಲಿ ತಿರುಗಬೇಕೆಂಬ ವಿವರವಿದೆ. ಪಕ್ಕದಲ್ಲಿ ಹೆಣ್ಣುಮಗಳೊಬ್ಬಳು ಮೇಸ್ತ್ರಿಯಿಂದ ಪಡೆದ ಮುಂಗಡದ ಲೆಕ್ಕವನ್ನು, ಅವನ ಮೇಲಿನ ಅಸಮಾಧಾನವನ್ನು ಇನ್ನೊಬ್ಬಳಲ್ಲಿ ತೋಡಿಕೊಳ್ಳುತ್ತಿದ್ದಾಳೆ.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಮರಿಗಳನ್ನು ಮುಟ್ಟದೆ, ಅರಣ್ಯ ಇಲಾಖೆಗೆ ತಿಳಿಸಿ, ಗದ್ದೆಯನ್ನು ನಿಶ್ಶಬ್ದವಾಗಿ ಬಿಟ್ಟರೆ ಕತ್ತಲಾದ ಮೇಲೆ ತಾಯಿ ಬಂದು ಅವನ್ನು ಕಚ್ಚಿಕೊಂಡು ಹೋಗುವ ಸಂಭವ ಹೆಚ್ಚು. ದಾರಿ ತಿಳಿದ ಜನ ಸಂಜೆಗೇ ಗುಂಪುಗೂಡಿದರೆ ತಾಯಿ ಹತ್ತಿರ ಸುಳಿಯಲಾರದು. ಗದ್ದೆಯ ಒಡೆಯನಿಗೆ ದಿನವಿಡೀ ಕರೆಗಳ ಕಾಟ. ಆ ಹೆಣ್ಣುಮಗಳು ಮೇಸ್ತ್ರಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ. ವಿಡಿಯೋ ಮಾಡಿದವನಿಗೆ ಕೆಟ್ಟ ಉದ್ದೇಶವಿರಲಿಲ್ಲ, ಹಂಚಿದವರಿಗೂ ಇರಲಿಲ್ಲ. ದೃಶ್ಯ ಮುಚ್ಚಿಟ್ಟದ್ದನ್ನು ದನಿ ಬಿಚ್ಚಿಟ್ಟಿತು, ಅಷ್ಟೆ.

ನಮ್ಮ ಘಟ್ಟದ ಊರುಗಳಲ್ಲಿ ಈ ಅಪಾಯ ಇನ್ನೂ ತೀಕ್ಷ್ಣವಾದುದು. ರಾತ್ರಿಯ ಮರಳು ಸಾಗಣೆಯನ್ನೋ ನಾಟಾ ತುಂಬಿದ ಲಾರಿಯನ್ನೋ ಮರೆಯಲ್ಲಿ ನಿಂತು ಚಿತ್ರೀಕರಿಸುವವರು ಮುಖ ಕಾಣದಂತೆ ಎಚ್ಚರ ವಹಿಸುತ್ತಾರೆ. ಆದರೆ ಜೊತೆಯವರೊಡನೆ ಆಡಿದ ಒಂದು ಪಿಸುಮಾತು ಸಾಕು. ಧ್ವನಿಯನ್ನು ಪರೀಕ್ಷಿಸಲು ಅಲ್ಲಿ ಪ್ರಯೋಗಾಲಯ ಬೇಕಿಲ್ಲ. ಕೆಮ್ಮು ಕೇಳಿದರೂ ಇಂಥವರೆಂದು ಗುರುತಿಸುವಷ್ಟು ನಮ್ಮ ಹಳ್ಳಿಗಳು ಚಿಕ್ಕವು. ಚಳವಳಿಗೆ ಸಾಕ್ಷ್ಯ ಒದಗಿಸಿದವರನ್ನು ಚಳವಳಿಯೇ ಒಪ್ಪಿಸಿಕೊಟ್ಟಂತಾಗಬಾರದು.

ದನಿ ತೆಗೆಯುವ ಕೆಲಸ ಕಠಿಣವೇನಲ್ಲ. ವಿಡಿಯೋ ಕಡತದಲ್ಲಿ ದೃಶ್ಯ ಮತ್ತು ಧ್ವನಿ ಒಂದೇ ಪೆಟ್ಟಿಗೆಯೊಳಗಿನ ಎರಡು ಬೇರೆ ಬೇರೆ ಎಳೆಗಳಾಗಿರುತ್ತವೆ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ 2021ರಿಂದ ಈ ಸೌಲಭ್ಯ ಒಳಗೇ ಇದೆ. ಕಳಿಸಬೇಕಾದ ವಿಡಿಯೋ ಆರಿಸಿದಾಗ ಕಾಣುವ ಸ್ಪೀಕರ್ ಗುರುತನ್ನು ಒತ್ತಿದರೆ ಹೋಗುವ ಪ್ರತಿಯಲ್ಲಿ ದನಿ ಇರುವುದಿಲ್ಲ. ನಮ್ಮ ಮೊಬೈಲಿನಲ್ಲಿರುವ ಮೂಲ ಹಾಗೆಯೇ ಉಳಿಯುತ್ತದೆ. ಐಫೋನಿನ ಫೋಟೋಸ್, ಗೂಗಲ್ ಫೋಟೋಸ್ ಇವುಗಳ ತಿದ್ದುವ ಪುಟದಲ್ಲೂ ಇಂಥದೇ ಗುರುತಿದೆ. ಒಂದು ಭಾಗದ ಮಾತನ್ನಷ್ಟೇ ಅಳಿಸಬೇಕಾದರೆ ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್, ಓಪನ್‌ಶಾಟ್‌ನಂಥ ಉಚಿತ ತಂತ್ರಾಂಶಗಳಿವೆ. ಎರಡು ತಪ್ಪು ತಿಳಿವಳಿಕೆಗಳಿಂದ ಮಾತ್ರ ದೂರವಿರಬೇಕು. ದನಿಯನ್ನು ತಗ್ಗಿಸುವುದೆಂದರೆ ತೆಗೆದಂತಲ್ಲ. ತಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿ ಕೇಳಬಹುದು. ಮೇಲೊಂದು ಹಾಡು ಹೊದಿಸಿದರೂ ಅಷ್ಟೆ. ಮೂಲ ದನಿಯನ್ನು ಸೊನ್ನೆಗೆ ಇಳಿಸದಿದ್ದರೆ ಮಾತು ಹಾಡಿನ ಅಡಿಯಲ್ಲಿ ಉಳಿದೇ ಇರುತ್ತದೆ. ಹಾಡಿನಿಂದ ಇನ್ನೊಂದು ತೊಡಕೂ ಉಂಟು. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಎಂಬ ವ್ಯವಸ್ಥೆಯ ಮೂಲಕ ಹಕ್ಕುಸ್ವಾಮ್ಯವಿರುವ ಹಾಡುಗಳನ್ನು ತಾನಾಗಿಯೇ ಗುರುತಿಸುತ್ತದೆ. ಜಾತ್ರೆಯ ಧ್ವನಿವರ್ಧಕದಿಂದ ತೇಲಿಬಂದ ಸಿನಿಮಾ ಹಾಡಿನ ಕಾರಣಕ್ಕೂ ಕೆರೆ ಉಳಿಸುವ ಗುಂಪಿನ ವಿಡಿಯೋಗೆ ತಡೆ ಬೀಳಬಹುದು.

ಹಾಗಾದರೆ ಎಲ್ಲ ವಿಡಿಯೋಗಳನ್ನೂ ಮೂಕವಾಗಿಸಿಬಿಡೋಣವೇ? ಈ ಪ್ರಶ್ನೆಗೆ ಹೌದೆಂದು ಉತ್ತರಿಸಿದರೆ ನಾವು ಮತ್ತೊಂದು ತಪ್ಪಿಗೆ ಬೀಳುತ್ತೇವೆ. ಪಶ್ಚಿಮಘಟ್ಟದ ಕಪ್ಪೆಗಳಲ್ಲಿ ಎಷ್ಟೋ ಪ್ರಭೇದಗಳು ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳ ಕೂಗು ಬೇರೆ. ಉತ್ತರ ಕನ್ನಡದ ಕಾಡಿನಿಂದ, ಮೊಟ್ಟೆಗಳಿಗೆ ಕೆಸರು ಮೆತ್ತುವ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿ, ಅದರ ಹೆಸರಿನಲ್ಲಿ ‘ಕುಂಬಾರ’ ಎಂಬ ನಮ್ಮ ಪದವನ್ನೇ ಇರಿಸಿದರು. ಮಳೆಗಾಲದ ತೊರೆಯ ಬಳಿ ನೀವು ಹಿಡಿದ ಕಪ್ಪೆಯ ವಿಡಿಯೋದಿಂದ ದನಿ ತೆಗೆದರೆ ಅದರ ಗುರುತಿನ ಚೀಟಿಯನ್ನೇ ಹರಿದಂತೆ. ಹಕ್ಕಿಗಳ ವಿಷಯದಲ್ಲೂ ಹಾಗೆಯೇ. 2005ರಿಂದ ನಡೆದುಬಂದಿರುವ ಕ್ಸೆನೋ-ಕ್ಯಾಂಟೋ ಎಂಬ ಸಾರ್ವಜನಿಕ ಸಂಗ್ರಹ ನಿಂತಿರುವುದೇ ಸಾಮಾನ್ಯರು ಕಳಿಸಿದ ದನಿಗಳ ಮೇಲೆ. ಇಂಥ ದೃಶ್ಯಗಳಿಗೆ ಸಿನಿಮಾ ಸಂಗೀತ ಹೊದಿಸುವ ಈಗಿನ ಚಾಳಿ ಕಾಡಿಗೆ ಮಾಡುವ ಅಪಚಾರ.

ಆನೆಯ ವಿಡಿಯೋಗಳಲ್ಲಿ ದನಿಯ ಬೆಲೆ ಇನ್ನೂ ಸ್ಪಷ್ಟ. ಸಕಲೇಶಪುರ, ಆಲೂರು, ಕೊಡಗಿನ ಕಡೆಯಿಂದ ಬರುವ ದೃಶ್ಯಗಳಲ್ಲಿ ಆನೆಯೊಂದು ತಿರುಗಿ ಅಟ್ಟಿಸಿಕೊಂಡು ಬರುತ್ತದೆ. ದನಿಯಿದ್ದರೆ ಅದಕ್ಕೂ ಮುನ್ನ ಎದ್ದ ಕೇಕೆ, ಶಿಳ್ಳೆ, ಪಟಾಕಿಯ ಸದ್ದು, ಕಾರಿನ ಹಾರನ್ ಕೇಳಿಸೀತು. ದನಿ ತೆಗೆದರೆ ಉಳಿಯುವುದು ‘ಪುಂಡಾನೆಯ ದಾಳಿ’ ಮಾತ್ರ. ಕೆಣಕಿದವರು ತೆರೆಯ ಮರೆಗೆ ಸರಿಯುತ್ತಾರೆ, ಆನೆ ಅಪರಾಧಿಯಾಗುತ್ತದೆ. ಸಾರ್ವಜನಿಕ ಸಭೆಯಲ್ಲಿ ಅಧಿಕಾರಿಯೊಬ್ಬರು ಕೊಟ್ಟ ಭರವಸೆಯನ್ನು ಅಳಿಸಿ, ಜನರ ಗದ್ದಲವನ್ನಷ್ಟೇ ತೋರಿಸುವುದೂ ಇದೇ ಜಾತಿಯ ಮೋಸ.

ಕತ್ತರಿಯ ಈ ಇನ್ನೊಂದು ಮುಖ ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವದಂತಿಯೊಡನೆ ದೇಶದ ತುಂಬ ಹರಿದಾಡಿದ ವಿಡಿಯೋ ವಾಸ್ತವದಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಅದು ಜಾಗೃತಿಗಾಗಿ ಮಾಡಿದ್ದೆಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಅಮಾಯಕರು ಪ್ರಾಣ ತೆತ್ತರು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿ ಹೇರಿತು. ತೆಗೆಯುವುದು ಯಾರನ್ನು ಕಾಯಲು, ಯಾರನ್ನು ವಂಚಿಸಲು ಎಂಬುದೇ ಇಲ್ಲಿ ಗೆರೆ ಎಳೆಯುತ್ತದೆ.

ಕೃಷಿ ವಿಜ್ಞಾನದ ನನ್ನ ಕೆಲಸದಲ್ಲಿ ಈ ವಿವೇಕ ನಿತ್ಯವೂ ಬೇಕಾಗುತ್ತದೆ. ಅಡಿಕೆಯ ಕೊಳೆರೋಗದ, ಎಲೆಚುಕ್ಕೆಯ ವಿಡಿಯೋ ಕಳಿಸುವ ರೈತರು ಜೊತೆಗೆ ಮಾತನ್ನೂ ಆಡಿರುತ್ತಾರೆ. ಬೋರ್ಡೋ ದ್ರಾವಣ ಯಾವಾಗ ಹೊಡೆದದ್ದು, ಆಮೇಲೆ ಎಷ್ಟು ದಿನ ಮಳೆ ಹಿಡಿಯಿತು ಎಂಬ ವಿವರ ರೋಗ ನಿರ್ಣಯಕ್ಕೆ ದೃಶ್ಯದಷ್ಟೇ ಮುಖ್ಯ. ಅದರ ನಡುವೆ ಸೊಸೈಟಿಯ ಸಾಲ, ದಾಯಾದಿಯ ಜಗಳ, ನೆರೆಯವನ ಮೇಲಿನ ದೂರು ಕೂಡ ಬಂದಿರುತ್ತದೆ. ರೋಗ ಗುರುತಿಸುವವರಿಗೆ ಅದು ದನಿಯೊಡನೆ ಬರಲಿ. ಅದೇ ವಿಡಿಯೋ ಇತರ ಬೆಳೆಗಾರರ ಗುಂಪಿಗೆ ಹೋಗುವಾಗ ದನಿಯಿಲ್ಲದೆ ಹೋಗಲಿ, ಬೇಕಾದ ವಿವರ ಕೆಳಗೆ ಬರೆಹದಲ್ಲಿರಲಿ. ಒಂದೇ ವಿಡಿಯೋಗೆ ಇಬ್ಬರು ನೋಡುಗರಿದ್ದರೆ ಎರಡು ಪ್ರತಿಗಳಿರಬೇಕು.

ಈ ಎಲ್ಲದರ ಅಡಿಪಾಯ ಮೂಲ ಪ್ರತಿಯ ರಕ್ಷಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಷ್ ಮೌಲ್ಯವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು, ನಮೂದಿಸಬೇಕು. ಕಡತದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ದನಿ ತೆಗೆಯುವ ಕೆಲಸವನ್ನು ನಕಲಿನ ಮೇಲಷ್ಟೇ ಮಾಡತಕ್ಕದ್ದು. ವಕೀಲರಿಗೆ, ಇಲಾಖೆಗೆ ಮೂಲವನ್ನು ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದಂತೆ ತಲುಪುತ್ತದೆ.

ನಮ್ಮ ಬಳಗದ ಗೆಳೆಯರು ಇನ್ನು ಮುಂದೆ ನಾಲ್ಕು ಮಾತುಗಳನ್ನು ರೂಢಿಗೆ ತರಬೇಕೆಂದು ವಿನಂತಿ. ಕಳಿಸುವ ಮುನ್ನ ವಿಡಿಯೋವನ್ನು ಒಮ್ಮೆ ಕಣ್ಣುಮುಚ್ಚಿ ಪೂರ್ತಿ ಕೇಳುವುದು. ಹೆಸರು, ಜಾಗ, ಖಾಸಗಿ ಮಾತು, ಸಾಕ್ಷಿದಾರರ ಧ್ವನಿ ಇದ್ದರೆ ನಕಲಿನಿಂದ ತೆಗೆಯುವುದು. ಘಟನೆಯ ಕಾರಣವನ್ನೋ ಜೀವಿಯ ಗುರುತನ್ನೋ ಹೇಳುವ ದನಿಯನ್ನು ಉಳಿಸುವುದು. ತೆಗೆದಾಗ ‘ದನಿ ತೆಗೆಯಲಾಗಿದೆ, ಮೂಲ ನಮ್ಮಲ್ಲಿದೆ’ ಎಂದು ಒಂದು ಸಾಲು ಬರೆಯುವುದು. ಈ ಒಂದು ಸಾಲೇ ನಮ್ಮನ್ನು ವದಂತಿಕೋರರಿಂದ ಬೇರ್ಪಡಿಸುತ್ತದೆ.

ಇದಕ್ಕೆಲ್ಲ ತಗಲುವುದು ಹೆಚ್ಚೆಂದರೆ ಐದು ನಿಮಿಷ. ತುರ್ತಿನ ಹೆಸರಿನಲ್ಲಿ ಆ ಐದು ನಿಮಿಷವನ್ನು ಉಳಿಸಲು ಹೋಗಿ, ಕೂಲಿಯ ಹೆಣ್ಣುಮಗಳೊಬ್ಬಳ ಅನ್ನವನ್ನೋ ಧೈರ್ಯದಿಂದ ಸಾಕ್ಷಿ ನುಡಿದವರೊಬ್ಬರ ನೆಮ್ಮದಿಯನ್ನೋ ಪಣಕ್ಕೊಡ್ಡುವ ಹಕ್ಕು ನಮಗಿಲ್ಲ.