ಸೆಲ್ ತಿಂದದ್ದು ಯಾರು?

ಮಕ್ಕಳೇ, ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ, ರೈಲು ಹಳಿಯ ಹತ್ತಿರ ನಮ್ಮಕ್ಕನ ಮನೆ. ಅಲ್ಲಿ ಏಳು ರಾತ್ರಿ ಎಷ್ಟೆಷ್ಟು ಚಳಿ ಬಿತ್ತೆಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಬೇಕೆಂದು ಅಕ್ಕನ ಮಗನಿಗೆ ಆಸೆ. ಆರ್ಡುಯಿನೊ ಊನೊ ಬೋರ್ಡು, ಪುಟ್ಟ ಸೆನ್ಸರು, ಸಾಲಾಗಿ ಆರು ಪೆನ್ಸಿಲ್ ಸೆಲ್ಲು ಸೇರಿಸಿ ಪೆಟ್ಟಿಗೆ ಮಾಡಿದ. ಹತ್ತು ನಿಮಿಷಕ್ಕೊಮ್ಮೆ ತಾಪಮಾನ ಬರೆದಿಡುವುದು ಅದರ ಕೆಲಸ. ಶುಕ್ರವಾರ ರಾತ್ರಿ ಎಂಟಕ್ಕೆ ಹಿತ್ತಿಲ ಸೀಬೆ ಮರಕ್ಕೆ ಕಟ್ಟಿದ್ದು, ಭಾನುವಾರ ಮಧ್ಯಾಹ್ನಕ್ಕೆ ಸತ್ತಿತ್ತು!

“ಅಂಗಡಿಯವರು ಹಳೇ ಸೆಲ್ ಕೊಟ್ಟಿದ್ದಾರೆ ಮಾಮ” ಎಂದು ಫೋನಿನಲ್ಲಿ ಅಳುದನಿ.

ಬಯ್ಯುವ ಮೊದಲು ಅಳೆಯೋಣ ಎಂದು ಮಲ್ಟಿಮೀಟರ್ ಹಿಡಿದು ಹೋದೆ. ವೋಲ್ಟ್ ಅಳೆಯುವಾಗ ಮೀಟರಿನ ಕಡ್ಡಿಗಳನ್ನು ಸೆಲ್ಲಿನ ಎರಡು ತುದಿಗೆ ಮುಟ್ಟಿಸುತ್ತೇವೆ. ಕರೆಂಟ್ ಅಳೆಯುವಾಗ ಹಾಗೆ ಮಾಡಲೇಬಾರದು. ಶಾರ್ಟ್ ಆದಂತೆಯೇ, ಮೀಟರಿನ ಫ್ಯೂಸ್ ಹಾರುತ್ತದೆ. (ನಾನೂ ಒಂದು ಹಾರಿಸಿದ್ದೇನೆ.) ಬ್ಯಾಟರಿಯ ಕೆಂಪು ವೈರನ್ನು ಬಿಡಿಸಿ, ನಡುವೆ ಮೀಟರನ್ನು ಕೂರಿಸಬೇಕು. ಆಗ ಕರೆಂಟ್ ಮೀಟರಿನೊಳಗಿಂದಲೇ ಹಾದುಹೋಗುತ್ತದೆ. ಮೊದಲು 10 ಆಂಪಿಯರ್ ತೂತು, ಅಂಕಿ ಸಣ್ಣದಾದರೆ ಮಾತ್ರ ಮಿಲಿಆಂಪಿಯರ್ ತೂತು.

ಮೀಟರು 50 ಮಿಲಿಆಂಪಿಯರ್ ತೋರಿಸಿತು. ಒಳ್ಳೆಯ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 2000 ಮಿಲಿಆಂಪಿಯರ್-ಗಂಟೆ ಇರುತ್ತದೆ. ಭಾಗಿಸಿ ನೋಡಿ: 40 ಗಂಟೆ. ಅಂಗಡಿಯವರದು ತಪ್ಪಿಲ್ಲ!

“ಆರು ಸೆಲ್ ಇದೆಯಲ್ಲ ಮಾಮ, ಆರು ಪಟ್ಟು ಬರಬೇಕಲ್ವಾ?” ಸಾಲಾಗಿ ಜೋಡಿಸಿದರೆ ಕೂಡುವುದು ವೋಲ್ಟ್ ಮಾತ್ರ, ಅದೇ ಕರೆಂಟ್ ಆರರಲ್ಲೂ ಹರಿಯುತ್ತದೆ, ಆರೂ ಒಟ್ಟಿಗೇ ಬರಿದಾಗುತ್ತವೆ.

ಸೆನ್ಸರು ಕಿತ್ತರೂ ಅಂಕಿ 48ರಲ್ಲೇ ನಿಂತಿತು. ಅಂದರೆ ತಿನ್ನುತ್ತಿದ್ದದ್ದು ಬೋರ್ಡೇ. ಸದಾ ಉರಿಯುವ ಪುಟ್ಟ ದೀಪ, ಯುಎಸ್‌ಬಿ ಚಿಪ್ಪು, ವೋಲ್ಟ್ ಇಳಿಸುವ ಭಾಗ, ಜೊತೆಗೆ ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ನಿಮಿಷ ಎಚ್ಚರವಾಗಿರುವ ಮುಖ್ಯ ಚಿಪ್ಪು.

ಆ ಚಿಪ್ಪೊಂದನ್ನೇ ಉಳಿಸಿಕೊಂಡು, ಮೂರೇ ಸೆಲ್ ಹಾಕಿ, ಕೆಲಸವಿಲ್ಲದಾಗ ಮಲಗಲು ಪ್ರೋಗ್ರಾಂ ಬರೆದೆವು. ಒಂದು ಸೆಕೆಂಡಿನ ಎಚ್ಚರವನ್ನು ಮೀಟರು ಸರಿಯಾಗಿ ಹಿಡಿಯದು. ಹಾಗಾಗಿ ಚಿಪ್ಪನ್ನು ಎಚ್ಚರವಿಟ್ಟು ಒಮ್ಮೆ, ಮಲಗಿಸಿ ಒಮ್ಮೆ ಅಳೆದೆವು. ಎಚ್ಚರದಲ್ಲಿ 10 ಮಿಲಿಆಂಪಿಯರ್, ನಿದ್ದೆಯಲ್ಲಿ 0.01. 600 ಸೆಕೆಂಡಿಗೆ ಒಂದೇ ಸೆಕೆಂಡು ಎಚ್ಚರವಾದ್ದರಿಂದ ಸರಾಸರಿ 0.027ರಷ್ಟು. ಲೆಕ್ಕದಲ್ಲಿ ಎಂಟು ವರ್ಷ! ಅಷ್ಟರೊಳಗೆ ಸೆಲ್ಲೇ ಮುಪ್ಪಾಗಿ ಸೋರೀತು.

ಪ್ರದರ್ಶನಕ್ಕೆ ಮಾತ್ರ ಇದು ತಡವಾಯಿತು. ಎರಡೇ ರಾತ್ರಿಯ ಅಂಕಿ ತೋರಿಸಿ, ಪಕ್ಕದಲ್ಲಿ ಸತ್ತ ಆರು ಸೆಲ್ಲನ್ನೂ ಈ ಲೆಕ್ಕವನ್ನೂ ಇಟ್ಟಿದ್ದನಂತೆ. ಈಗ ಇಡೀ ಚಳಿಗಾಲದ ದಾಖಲೆ ಬೇಕೆನ್ನುತ್ತಾನೆ. ಚಿಪ್ಪಿನಲ್ಲಿ ಅಂಕಿ ಬರೆದಿಡುವ ಜಾಗ 1024 ಬೈಟು, ಏಳು ದಿನಕ್ಕೇ ತುಂಬುತ್ತದೆ. ಅದಕ್ಕೇನು ಮಾಡಿದೆವೆಂದು ಮುಂದಿನ ವಾರ ಹೇಳುತ್ತೇನೆ.