ಒಂದು ಕಾರ್ಖಾನೆ, ಮೂರು ಊರು

ದಕ್ಷಿಣಕ್ಕೊಂದು ಉಕ್ಕಿನ ಕಾರ್ಖಾನೆ ಬೇಕೆಂಬ ಮಾತು ಅರವತ್ತರ ದಶಕದಲ್ಲಿ ಎದ್ದಾಗ ತಕರಾರು ಶುರುವಾದದ್ದು ಜಾಗದ ಮೇಲೆ. ವಿಶಾಖಪಟ್ಟಣಕ್ಕಾಗಿ ಆಂಧ್ರ 1966ರಲ್ಲಿ ಬೀದಿಗಿಳಿಯಿತು. ಗೋಲಿಬಾರಿನಲ್ಲಿ ಹಲವರು ಸತ್ತರು. ತಮಿಳರಿಗೆ ಸೇಲಂ ಬೇಕು. ಸಂಡೂರಿನ ಅದಿರು ಮಗ್ಗುಲಲ್ಲೇ ಇರುವಾಗ ಹೊಸಪೇಟೆ ಯಾಕಾಗದು ಎಂಬುದು ನಮ್ಮವರ ವಾದ, ನ್ಯಾಯವಾದದ್ದೇ. ಯಾರ ಮುನಿಸೂ ಬೇಡವೆಂದೋ ಏನೋ, ಇಂದಿರಾ ಗಾಂಧಿ 1970ರಲ್ಲಿ ಮೂರಕ್ಕೂ ಅಸ್ತು ಎಂದರು. ಮರುವರ್ಷ ಹೊಸಪೇಟೆಯ ಬಳಿಯ ತೋರಣಗಲ್ಲಿನಲ್ಲಿ ಅವರೇ ಬಂದು ಶಂಕುಸ್ಥಾಪನೆ ಮಾಡಿದರು. (ಅಡಿಗಲ್ಲು ಹಾಕುವುದಕ್ಕೆ ನಮ್ಮಲ್ಲಿ ಎಂದೂ ಹಣದ ಕೊರತೆಯಾಗಿಲ್ಲ.) ಸೇಲಂನಲ್ಲಿ 1981ಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತಯಾರಾಯಿತು, ವಿಶಾಖಪಟ್ಟಣದ ಕುಲುಮೆ 1990ರ ಹೊತ್ತಿಗೆ ಉರಿಯಿತು, ತೋರಣಗಲ್ಲು ಮಾತ್ರ ಮದುವೆ ಗೊತ್ತಾಗಿ ಮುಹೂರ್ತ ಬಾರದ ಹೆಣ್ಣಿನಂತೆ ಕಾದೇ ಕಾದಿತು. ಕೊನೆಗೆ ತೊಂಬತ್ತರ ದಶಕದಲ್ಲಿ ಅಲ್ಲಿ ಉಕ್ಕು ಕಾಯಿಸಿದ್ದು ಸರ್ಕಾರವಲ್ಲ, ಜಿಂದಾಲ್. ಇಂದು ಅದು ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು, ಅಂದರೆ ಜಾಗದ ಲೆಕ್ಕ ತಪ್ಪಿರಲಿಲ್ಲ. ಈಗಿನ ರಾಜಕೀಯ ಜಗಳ ಅದೇ ಜಾಗದ ಬೆಲೆಯದು: 3,667 ಎಕರೆಯನ್ನು ಕಂಪನಿಗೆ ಮಾರುವ ತೀರ್ಮಾನವನ್ನು 2021ರಲ್ಲಿ ಬಿಜೆಪಿ ಸರ್ಕಾರ ಕೈಗೊಂಡು ತಡೆಹಿಡಿಯಿತು, 2024ರಲ್ಲಿ ಕಾಂಗ್ರೆಸ್ ಸರ್ಕಾರ ಒಪ್ಪಿತು.