ಎಣಿಕೆಯೂ ಬೆಲೆಯೂ

ಇಬ್ಬರು ಆಟಗಾರರು ತಲಾ ಒಂದು ಪಾತ್ರವನ್ನು ಆರಿಸಿಕೊಂಡು ಕಾದಾಡುವ ವಿಡಿಯೋ ಆಟಗಳ ಪಂದ್ಯಾವಳಿಗಳಲ್ಲಿ, ಯಾವ ಪಾತ್ರವನ್ನು ಎಷ್ಟು ಮಂದಿ ಆರಿಸಿದರೆಂದು ಲೆಕ್ಕವಿಡುವ ರೂಢಿ ಬೆಳೆದಿದೆ. ಲೆಕ್ಕ ಉಪಯುಕ್ತವೇ, ಅದರಿಂದ ತೆಗೆಯುವ ತೀರ್ಮಾನದಲ್ಲಿ ಎಚ್ಚರ ಬೇಕು.

2008ರಲ್ಲಿ ಬಂದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್’ ಆಟದಲ್ಲಿ ಮೆಟಾ ನೈಟ್ ಎಂಬ ಪಾತ್ರ ಉಳಿದವನ್ನು ಮೀರಿ ಗೆಲ್ಲತೊಡಗಿತು. ಪಂದ್ಯಗಳ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ಅಮೆರಿಕದ ಸಂಘಟಕರ ಸಮಿತಿಯೊಂದು 2011ರಲ್ಲಿ ಅದರ ನಿಷೇಧವನ್ನು ಘೋಷಿಸಿತು. ಆ ಲೆಕ್ಕಕ್ಕೆ ಆಧಾರವಿತ್ತು: ಹಲವು ಆಟಗಾರರ ಕೈಯಲ್ಲಿ ಆ ಪಾತ್ರ ಗೆದ್ದಿತ್ತು.

2014ರ ಇವೊ ಪಂದ್ಯಾವಳಿಯ ಕಥೆ ಬೇರೆ. ‘ಅಲ್ಟ್ರಾ ಸ್ಟ್ರೀಟ್ ಫೈಟರ್ 4’ರಲ್ಲಿ ಗೆದ್ದ ಫ್ರಾನ್ಸಿನ ಲಫಿ ನೆಚ್ಚಿಕೊಂಡದ್ದು ರೋಸ್ ಎಂಬ, ಹೆಚ್ಚು ಮಂದಿ ಮುಟ್ಟದ ಪಾತ್ರವನ್ನು. ಬರಿಯ ಜನಪ್ರಿಯತೆಯ ಪಟ್ಟಿಯನ್ನು ನೋಡಿದವರಿಗೆ ಆ ಗೆಲುವು ಹೊಳೆಯುತ್ತಿರಲಿಲ್ಲ. ಹಾಗೆಂದು ರೋಸ್ ಎಲ್ಲಕ್ಕಿಂತ ಬಲಿಷ್ಠವೆಂದೂ ಅಲ್ಲ. ಅಲ್ಲಿ ಫಲಿಸಿದ್ದು ಒಬ್ಬನ ಅಭ್ಯಾಸ.

ಪಾತ್ರವೊಂದು ಜನಪ್ರಿಯವಾಗಲು ಬಲವೊಂದೇ ಕಾರಣವಲ್ಲ. ಕಲಿಕೆಯ ಸುಲಭತೆ, ಹಳೆಯ ಪರಿಚಯ, ಗೆದ್ದವರ ಅನುಕರಣೆ ಇವೂ ಕಾರಣಗಳೇ. ಆದ್ದರಿಂದ ಎಷ್ಟು ಮಂದಿ ಆರಿಸಿದರು, ಅವರಲ್ಲಿ ಎಷ್ಟು ಮಂದಿ ಕೊನೆಯ ಎಂಟರೊಳಗೆ ಬಂದರು, ಎಷ್ಟು ಬೇರೆ ಬೇರೆ ಕೈಗಳಲ್ಲಿ ಅದು ಗೆದ್ದಿತು ಎಂಬ ಮೂರನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಮೊದಲ ಅಂಕಿಯನ್ನಷ್ಟೇ ನೋಡಿ ತಯಾರಕರು ಪಾತ್ರದ ಬಲವನ್ನು ತಗ್ಗಿಸಿದರೆ, ಅದನ್ನೇ ನಂಬಿ ವರ್ಷಗಟ್ಟಲೆ ತಾಲೀಮು ನಡೆಸಿದವನ ಶ್ರಮ ಮಣ್ಣುಪಾಲಾಗುತ್ತದೆ.

ಮಾರಾಟವಾದ ಪ್ರತಿಗಳಿಂದ ಕಾವ್ಯದ ಬೆಲೆ ಕಟ್ಟಲಾಗದೆಂದು ಬಲ್ಲ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸದಲ್ಲ.